ಒಪ್ಪಿಸಿದ ವಸ್ತು ಹಾಳಾದರೆ ಹೊಣೆ ಯಾರದು?

ಹೋಟೇಲಿನ ಗಲ್ಲೆಯ ಮೇಲೆ ಕುಳಿತವನ ಕಿವಿಗೆ ಗಾಜು ಒಡೆಯುವ ಸದ್ದಿನಷ್ಟು ಕರ್ಕಶವಾದುದು ಬೇರೊಂದಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನು ಮುಂಬಯಿಯ ಉಪನಗರವೊಂದರಲ್ಲಿ ಚಿಕ್ಕದೊಂದು ಹೋಟೇಲನ್ನು ನಡೆಸುತ್ತಿದ್ದೆನು. ಒಂದು ಸಂಜೆ ನಮ್ಮ ಮಾಣಿಯೊಬ್ಬನು ಎರಡು ಡಜನ್ ಗಾಜಿನ ಲೋಟಗಳೊಡನೆ ಕಾಲು ಜಾರಿ ಬಿದ್ದನು. ಲೋಟಗಳೆಲ್ಲವೂ ಚೂರಾದವು. ತಿಂಗಳ ಕೊನೆಗೆ ಅವುಗಳ ಬೆಲೆಯನ್ನು ನಾನು ಅವನ ಸಂಬಳದಲ್ಲಿ ಮುರಿದುಕೊಂಡೆನು. ಅವನು ಏನನ್ನೋ ಹೇಳಲು ಬಾಯಿ ತೆರೆದನು, ನಾನು ಕೇಳಲಿಲ್ಲ. ಮರುವಾರವೇ ಅವನು ಕೆಲಸ ಬಿಟ್ಟು ಹೊರಟುಹೋದನು.

ಅನಂತರ ನಮ್ಮ ಅಡುಗೆಯ ಭಟ್ಟರು ನನ್ನ ಬಳಿಗೆ ಬಂದು, “ಧಣಿಗಳೇ, ಆ ಹುಡುಗನದು ತಪ್ಪಿಲ್ಲ. ಮೆಟ್ಟಿಲ ಬಳಿ ನಳ್ಳಿಯ ನೀರು ಸೋರುತ್ತಿದೆಯೆಂದು ನಾನೇ ನಿಮಗೆ ಮೂರು ಸಲ ಹೇಳಿದ್ದೆ” ಎಂದರು. ಹೌದು, ಹೇಳಿದ್ದರು. ರಿಪೇರಿಯ ಖರ್ಚಿಗೆ ಹಿಂಜರಿದು ನಾನೇ ಮುಂದೂಡಿದ್ದೆನು. ಲೋಟ ಒಡೆದುದು ಹುಡುಗನ ಕೈಯಿಂದ. ಆದರೆ ಅಜಾಗರೂಕತೆ ನನ್ನದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವಸ್ತು ಹಾಳಾಗುವುದು ಒಂದು ಮಾತು, ಅದು ಯಾರ ಅಜಾಗರೂಕತೆಯಿಂದ ಹಾಳಾಯಿತು ಎಂಬುದು ಇನ್ನೊಂದು ಮಾತು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ನಮ್ಮ ಜನರಲ್ಲಿ ಕೆಲವರು ಕೊಡಬೇಕಾಗಿಲ್ಲದ ದಂಡವನ್ನು ತೆರುತ್ತಾರೆ, ಕೆಲವರು ಸಲ್ಲಬೇಕಾದ ಪರಿಹಾರವನ್ನು ಕೈಬಿಡುತ್ತಾರೆ. ಈ ಕುರಿತು ಕಾನೂನು ಏನು ಹೇಳುತ್ತದೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜೋಪಾನದ ಅಳತೆ

ಒಬ್ಬನು ತನ್ನ ವಸ್ತುವನ್ನು ಒಂದು ಕೆಲಸಕ್ಕಾಗಿ ಇನ್ನೊಬ್ಬನ ವಶಕ್ಕೆ ಒಪ್ಪಿಸಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ವ್ಯವಹಾರವು ನಮ್ಮ ದೇಶದ 1872ರ ಕರಾರು ಕಾಯಿದೆಯ 148ನೆಯ ಕಲಮಿನಲ್ಲಿ ಬರುತ್ತದೆ. ಲಾಂಡ್ರಿಗೆ ಕೊಟ್ಟ ಸೀರೆ, ದುರಸ್ತಿಗೆ ಕೊಟ್ಟ ಗಡಿಯಾರ, ಹೋಟೇಲಿನ ಬಾಗಿಲಲ್ಲಿ ಡ್ರೈವರನ ಕೈಗಿತ್ತ ಕಾರಿನ ಕೀಲಿಕೈ, ಎಲ್ಲವೂ ಈ ಜಾತಿಯವೇ. ಹೀಗೆ ವಸ್ತುವನ್ನು ವಹಿಸಿಕೊಂಡವನು ಎಷ್ಟು ಎಚ್ಚರದಿಂದಿರಬೇಕು? ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂಥದೇ ಪರಿಸ್ಥಿತಿಯಲ್ಲಿ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಿದ್ದನೋ ಅಷ್ಟು ಎಂದು 151ನೆಯ ಕಲಮು ಉತ್ತರ ಕೊಡುತ್ತದೆ. ಅಷ್ಟು ಜೋಪಾನ ಮಾಡಿಯೂ ವಸ್ತು ನಷ್ಟವಾದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಅವನು ಹೊಣೆಯಲ್ಲವೆಂದು 152ನೆಯ ಕಲಮು ಹೇಳುತ್ತದೆ. ಅದ್ಭುತ ಸಾಮರ್ಥ್ಯವನ್ನು ಕಾನೂನು ಯಾರಿಂದಲೂ ಕೇಳುವುದಿಲ್ಲ. ಹಾಗೆಂದು ಉಡಾಫೆಯನ್ನು ಕ್ಷಮಿಸುವುದೂ ಇಲ್ಲ.

ಚೀಟಿಯ ಹಿಂದಿನ ಸಣ್ಣ ಅಕ್ಷರ

ಲಾಂಡ್ರಿಯ ಚೀಟಿಯ ಹಿಂಬದಿಯಲ್ಲಿ “ಬಟ್ಟೆ ಕಳೆದರೆ ಇಷ್ಟೇ ಕೊಡಲಾಗುವುದು” ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಎಲ್ಲರೂ ಕಂಡಿರಬಹುದು. ಅದನ್ನು ತೋರಿಸಿದೊಡನೆ ನಮ್ಮ ಗುಮಾಸ್ತ ಬಂಧುಗಳು ನಿಟ್ಟುಸಿರಿಟ್ಟು ಹಿಂದಿರುಗುವುದೂ ಉಂಟು. ಆದರೆ ಈ ಪ್ರಶ್ನೆ ಮದರಾಸಿನಲ್ಲಿ ಬಹು ಹಿಂದೆಯೇ ಇತ್ಯರ್ಥವಾಗಿದೆ. ಕಳೆದುಹೋದ ಬಟ್ಟೆಗೆ ಅದರ ಬೆಲೆಯ ನೂರಕ್ಕೆ 15ರಷ್ಟನ್ನು ಮಾತ್ರ ಕೊಡುವೆವೆಂದು ಲಾಂಡ್ರಿಯೊಂದು ಚೀಟಿಯಲ್ಲಿ ಅಚ್ಚುಮಾಡಿತ್ತು. ಹೊಸ ಸೀರೆಯೊಂದು ಕಳೆದುಹೋದಾಗ ಅದೇ ಷರತ್ತನ್ನು ಮುಂದಿಟ್ಟಿತು. 1966ರ ಕಾನೂನು ವರದಿಯಲ್ಲಿ ಅಚ್ಚಾಗಿರುವ ತೀರ್ಪಿನಲ್ಲಿ ಮದರಾಸು ಹೈಕೋರ್ಟು, ಇಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವಾದುದೆಂದು ತಳ್ಳಿಹಾಕಿತು. ಅದನ್ನು ಒಪ್ಪಿದರೆ ಅಲ್ಪ ಹಣವನ್ನೆಸೆದು ಪರರ ಹೊಸ ಬಟ್ಟೆಯನ್ನು ದಕ್ಕಿಸಿಕೊಳ್ಳಲು ದಾರಿ ಮಾಡಿಕೊಟ್ಟಂತಾಗುವುದೆಂಬುದು ಅದರ ತಾತ್ಪರ್ಯ.

ಹೋಟೇಲಿನವರಿಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. 1998ರ ಆಗಸ್ಟಿನಲ್ಲಿ ದೆಹಲಿಯ ತಾಜ್ ಮಹಲ್ ಹೋಟೇಲಿಗೆ ಬಂದ ಗಿರಾಕಿಯೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಕೈಯನ್ನು ಹೋಟೇಲಿನ ಸಿಬ್ಬಂದಿಗೆ ಒಪ್ಪಿಸಿ ಒಳಗೆ ಹೋದರು. ಹಿಂದಿರುಗಿ ಬಂದಾಗ ಕಾರನ್ನು ಬೇರೆ ಯಾರೋ ಓಡಿಸಿಕೊಂಡು ಹೋಗಿದ್ದರು. ವಿಮಾ ಕಂಪನಿಯು 2,80,000 ರೂಪಾಯಿಗಳನ್ನು ಕೊಟ್ಟು, ಬಳಿಕ ಗಿರಾಕಿಯೊಡನೆ ಸೇರಿ ಗ್ರಾಹಕ ಆಯೋಗದಲ್ಲಿ ದೂರು ಹೂಡಿತು. ಕಾರು ಮಾಲಿಕರ ಹೊಣೆಯ ಮೇಲೆ ನಿಲ್ಲುವುದೆಂದು ಚೀಟಿಯಲ್ಲಿ ಬರೆದಿದೆಯೆಂಬುದು ಹೋಟೇಲಿನ ವಾದ. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಕೀಲಿಕೈಯನ್ನು ಒಪ್ಪಿಸಿದ್ದು ರುಜುವಾತಾದ ಮೇಲೆ, ತಾನು ತಕ್ಕಷ್ಟು ಜೋಪಾನ ಮಾಡಿದ್ದೆನೆಂದು ತೋರಿಸುವ ಭಾರ ಹೋಟೇಲಿನ ಮೇಲೆ ಬೀಳುತ್ತದೆ. ತನ್ನ ಅಥವಾ ತನ್ನ ನೌಕರರ ಅಜಾಗರೂಕತೆಯಿಂದಾದ ನಷ್ಟದಿಂದ ಅಚ್ಚಿನ ಸಾಲೊಂದರ ಆಶ್ರಯದಲ್ಲಿ ಅದು ನುಣುಚಿಕೊಳ್ಳುವಂತಿಲ್ಲ ಎಂದು ತೀರ್ಪಾಯಿತು. ಈ ತೀರ್ಪನ್ನು ಬರೆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಅವರು ಕನ್ನಡಿಗರು, ಹಾವೇರಿ ಜಿಲ್ಲೆಯವರು. 2021ರಲ್ಲಿ ಅವರು ತೀರಿಕೊಂಡರು.

ಎಲ್ಲಿಗೆ ಹೋಗಬೇಕು?

ಹಣ ಕೊಟ್ಟು ಪಡೆದ ಸೇವೆಯಲ್ಲಿ ನಷ್ಟವಾದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಪರ ಊರಿನಲ್ಲಿರುವ ನಮ್ಮಂಥವರಿಗೆ ಬಹಳ ಉಪಕಾರವಾಗುವ ಒಂದು ಮಾತಿದೆ. ದೂರು ಕೊಡುವವನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರನ್ನು ಸಲ್ಲಿಸಬಹುದು. ಊರಿನಿಂದ ಕಳುಹಿಸಿದ ಪೆಟ್ಟಿಗೆ ಸಾಗಣೆದಾರನ ಅಜಾಗರೂಕತೆಯಿಂದ ನೆನೆದು ಹಾಳಾದರೆ ಅದಕ್ಕಾಗಿ ರಜೆ ಹಾಕಿ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಾಗಿಲ್ಲ. ಪುಣೆಯಲ್ಲಿರುವವನು ಪುಣೆಯಲ್ಲಿಯೇ ಕೇಳಬಹುದು.

ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ಕಟ್ಟಳೆಯೂ ಇಲ್ಲ. ತಾನೇ ನಿಂತು ಮಾತನಾಡಬಹುದು. ಆದರೆ ಪ್ರಸಂಗ ನಡೆದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಬರೆಯಲು ತಿಳಿಯದವರು 1915 ಎಂಬ ಸಂಖ್ಯೆಗೆ ಫೋನು ಮಾಡಿ ಸಲಹೆ ಪಡೆಯಬಹುದು.

ಮೇಲಿನ ಮನೆಯವರ ನಳ್ಳಿ ಸೋರಿ ನಮ್ಮ ಹಾಸಿಗೆ ಕಪಾಟುಗಳು ಹಾಳಾದರೆ ಅದು ಗ್ರಾಹಕ ವ್ಯಾಜ್ಯವಲ್ಲ, ಏಕೆಂದರೆ ಅಲ್ಲಿ ನಾವು ಸೇವೆಯನ್ನು ಕೊಂಡಿಲ್ಲ. ಅಂಥ ಸಣ್ಣ ಮೊತ್ತದ ದಾವೆಗಳಿಗೆ ಮುಂಬಯಿಯ ಧೋಬಿ ತಲಾವ್‌ನಲ್ಲಿರುವಂಥ ಸ್ಮಾಲ್ ಕಾಸಸ್ ಕೋರ್ಟುಗಳಿವೆ. ಉಭಯ ಪಕ್ಷದವರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿಯ ನಿರ್ಣಯವೇ ಕೊನೆಯದು, ಮೇಲ್ಮನವಿಗೆ ಅವಕಾಶವಿಲ್ಲ.

ಎಲ್ಲಿಗೆ ಹೋದರೂ ಮಾತಿಗಿಂತ ಕಾಗದಕ್ಕೆ ಬೆಲೆ. ಒಪ್ಪಿಸಿದಾಗ ಕೊಟ್ಟ ಚೀಟಿ, ವಸ್ತುವನ್ನು ಕೊಂಡ ಬಿಲ್ಲು, ಹಾಳಾದ ಸ್ಥಿತಿಯ ಭಾವಚಿತ್ರ, ಎದುರಾಳಿಗೆ ಬರೆದ ಪತ್ರದ ನಕಲು, ಇಷ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಕೇಳುವ ಮೊತ್ತವೂ ನ್ಯಾಯವಾಗಿರಬೇಕು. ಹತ್ತು ವರ್ಷ ಉಟ್ಟ ಸೀರೆಗೆ ಹೊಸ ಸೀರೆಯ ಬೆಲೆ ಕೇಳಿದವನ ಉಳಿದ ಮಾತುಗಳನ್ನೂ ಯಾರೂ ನಂಬಲಾರರು.

ಸಂಬಳಕ್ಕೆ ಕೈಹಾಕುವ ಮುನ್ನ

ಇನ್ನು, ಆರಂಭದಲ್ಲಿ ಹೇಳಿದ ಲೋಟಗಳ ವಿಷಯ. ನೌಕರನಿಂದಾದ ನಷ್ಟವನ್ನು ಸಂಬಳದಲ್ಲಿ ಮುರಿಯಲು ಧಣಿಗೆ ಮನಬಂದಂತೆ ಅಧಿಕಾರವಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿಯೇ ಈ ಕಟ್ಟಳೆ ಇತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯಲ್ಲಿಯೂ ಇದೆ. ವಸ್ತುವನ್ನು ಕಾಯ್ದುಕೊಳ್ಳಲೆಂದು ಸ್ಪಷ್ಟವಾಗಿ ನೌಕರನಿಗೆ ಒಪ್ಪಿಸಿರಬೇಕು. ನಷ್ಟವು ನೇರವಾಗಿ ಅವನ ಅಜಾಗರೂಕತೆಯಿಂದ ಅಥವಾ ತಪ್ಪಿನಿಂದ ಆಗಿರಬೇಕು. ಮುರಿಯುವ ಮೊದಲು ಅವನ ಸಮಜಾಯಿಷಿಯನ್ನು ಕೇಳಬೇಕು. ನಷ್ಟದ ಮೊತ್ತಕ್ಕಿಂತ ಒಂದು ಕಾಸನ್ನೂ ಹೆಚ್ಚು ಮುರಿಯಕೂಡದು. ಎಲ್ಲ ಬಗೆಯ ಕಡಿತಗಳೂ ಸೇರಿ ಆ ಅವಧಿಯ ಸಂಬಳದ ಅರ್ಧವನ್ನು ಮೀರಕೂಡದು.

ಅನ್ಯಾಯವಾಗಿ ಮುರಿದುಕೊಂಡರೆ ನೌಕರನು ಈ ಸಂಹಿತೆಯ ಮೇರೆಗೆ ನೇಮಕವಾದ ಅಧಿಕಾರಿಯ ಮುಂದೆ 3 ವರ್ಷಗಳೊಳಗೆ ಅರ್ಜಿ ಹಾಕಬಹುದು. ಮುರಿದ ಹಣವಲ್ಲದೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಧಣಿಗಳಾದವರು ಇದನ್ನು ಬೆದರಿಕೆಯೆಂದು ತಿಳಿಯಬೇಕಾಗಿಲ್ಲ. ಗಿರಾಕಿಯ ಕಾರು ಕಳೆದಾಗ ನಾವು “ನಮ್ಮ ಮಾತನ್ನೂ ಕೇಳಿರಿ” ಎಂದು ಆಯೋಗದ ಮುಂದೆ ಬೇಡುವುದಿಲ್ಲವೇ? ಅದೇ ಅವಕಾಶವನ್ನು ನಮ್ಮಲ್ಲಿ ದುಡಿಯುವವನಿಗೆ ನಾವು ಕೊಡಬೇಕು.

ನಮ್ಮ ಹೋಟೇಲಿನ ಆ ಹುಡುಗನನ್ನು ನಾನು ಮತ್ತೆ ಕಾಣಲಿಲ್ಲ. ಮೆಟ್ಟಿಲ ಬಳಿಯ ನಳ್ಳಿಯನ್ನು ಮರುದಿನವೇ ರಿಪೇರಿ ಮಾಡಿಸಿದೆನು, ಆದರೆ ಮುರಿದುಕೊಂಡ ಹಣವನ್ನು ಹಿಂದಿರುಗಿಸಲು ಅವನ ವಿಳಾಸ ನನ್ನಲ್ಲಿರಲಿಲ್ಲ. ಈ ಲೇಖನವನ್ನು ಓದುವ ಧಣಿಗಳಲ್ಲಿ ನನ್ನ ವಿನಂತಿ ಇಷ್ಟೇ: ಲೋಟ ಒಡೆದ ಸದ್ದು ಕೇಳಿದಾಗ ಮೊದಲು ನೆಲ ಒದ್ದೆಯಾಗಿದೆಯೇ ನೋಡಿರಿ. ದುಡಿಯುವ ಸೋದರರಲ್ಲಿಯೂ ಒಂದು ಮಾತು: ತಪ್ಪು ನಿಮ್ಮದಲ್ಲವಾದರೆ ಸುಮ್ಮನೆ ಹೊರಟುಹೋಗಬೇಡಿರಿ, ನಿಂತು ಹೇಳಿರಿ.