ಬಚ್ಚಲೊಲೆಯ ಕೆಂಡಕ್ಕೂ ಒಂದು ರುಚಿಯಿದೆ

ಪಣಜಿಯಿಂದ ಪೋಂಡಾ ರಸ್ತೆ ಹಿಡಿದು ಓಲ್ಡ್ ಗೋವಾ ದಾಟಿದರೆ ಕೊರ್ಲಿಮ್. ತಿಸವಾಡಿ ತಾಲ್ಲೂಕಿನ ಈ ಊರನ್ನು ಹೆಚ್ಚಿನವರು ಬಲ್ಲದ್ದು ಕೈಗಾರಿಕಾ ವಸಾಹತಿನಿಂದ. ಇಲ್ಲಿ ಹೇಳಹೊರಟಿರುವುದು ಮಾತ್ರ ಒಲೆಯ ಮಾತು. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಸೌದೆ ಒಲೆಯ ಗೂಡಿಗೇ ಆಲೂಗಡ್ಡೆ ತಳ್ಳಿ ಸುಡುವ ರೂಢಿಯಿದೆ. ಗೋವಾದಲ್ಲಿ ಅಂಥ ಒಲೆ ಬೇಕಾಗುವಷ್ಟು ಚಳಿಯಿಲ್ಲ. ಆದರೆ ಬೆಂಕಿ ಉರಿದ ಜಾಗದಲ್ಲೇ ಅಡುಗೆ ಬೇಯಿಸುವ ವಿದ್ಯೆ ಇಲ್ಲೂ ಇದೆ, ಗಡಿಯಾಚೆ ನಮ್ಮ ಉತ್ತರ ಕನ್ನಡ, ಮಲೆನಾಡುಗಳಲ್ಲೂ ಇದೆ.

ಗೋವಾದಲ್ಲಿ ಅದನ್ನು ಉಳಿಸಿಕೊಂಡವನು ಬ್ರೆಡ್ ಸುಡುವ ಪೊದೇರ. ಪೋರ್ಚುಗೀಸರ ಕಾಲದಲ್ಲಿ ಬಂದ ಕಸುಬು. ಆಗೆಲ್ಲ ಹಿಟ್ಟು ಹುಳಿಯಲು ತೆಂಗಿನ ಕಳ್ಳು ಹಾಕುತ್ತಿದ್ದರು. ಗುಮ್ಮಟದಂಥ ಗೂಡಿನೊಳಗೇ ಸೌದೆ ಉರಿಸಿ, ಗೋಡೆ, ನೆಲ ಎರಡೂ ಕಾದ ಮೇಲೆ ಕೆಂಡ ಸರಿಸಿ, ಉದ್ದ ಹಿಡಿಯ ಮರದ ಹಲಗೆಯಿಂದ ಪಾವ್, ಪೊಯ್‌ಗಳನ್ನು ಒಳಗಿಡುತ್ತಾರೆ. ಅವನ್ನು ಬೇಯಿಸುವುದು ಉರಿಯಲ್ಲ, ಗೋಡೆ ಹೀರಿಕೊಂಡ ಕಾವು.

ನಮ್ಮ ಬಚ್ಚಲೊಲೆಯದೂ ಇದೇ ಲೆಕ್ಕ. ಹಂಡೆಯ ನೀರು ಕಾಯುವಷ್ಟು ಹೊತ್ತು ಜ್ವಾಲೆ ಬೇಕು. ಅಡುಗೆಯ ಸಮಯ ಶುರುವಾಗುವುದು ಅದು ಇಳಿದ ಮೇಲೆ. ಉರಿಯುವ ಬೆಂಕಿಗೆ ಗೆಣಸು ಎಸೆದರೆ ಸಿಪ್ಪೆ ಕರಕಲು, ಒಳಗೆ ಹಸಿ. ಕೆಂಡ ಬದಿಗೆ ಸರಿಸಿ, ಬಿಸಿ ಬೂದಿಯಲ್ಲಿ ಹೂತು, ಮೇಲೆ ಇನ್ನಷ್ಟು ಬೂದಿ ಮುಚ್ಚಬೇಕು. ಬೂದಿ ಕಾವನ್ನು ತಡೆತಡೆದು ಬಿಡುತ್ತದೆ. ಗೆಣಸಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವ ಚುರುಕಾಗಿರುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ. ಬೂದಿಯೊಳಗಿನ ಗೆಣಸು ಆ ಹಂತವನ್ನು ನಿಧಾನವಾಗಿ ದಾಟುತ್ತದೆ, ಮೈಕ್ರೋವೇವ್‌ನಲ್ಲಿಟ್ಟದ್ದು ಸರಸರನೆ ದಾಟಿಬಿಡುತ್ತದೆ. ಬೂದಿಯಿಂದ ತೆಗೆದ ಗೆಣಸಿನ ಸಿಪ್ಪೆಗೆ ಅಂಟಂಟಾದ ಕಂದು ಪಾಕ ಒಸರಿರುವುದು ಅದಕ್ಕೇ. ಆ ಸಿಹಿ ಕುಕ್ಕರಿಗೆ ಒಲಿಯುವುದಿಲ್ಲ.

ಹಲಸಿನ ಬೀಜಕ್ಕೆ ಚಾಕುವಿನಿಂದ ಗೀರು ಹಾಕಲೇಬೇಕು. ಇಲ್ಲದಿದ್ದರೆ ಒಳಗಿನ ಆವಿ ಹೊರಬರಲು ದಾರಿಯಿಲ್ಲದೆ ಸಿಡಿದು ಕಣ್ಣಿಗೆ ಹಾರೀತು. ಬದನೆಕಾಯಿಗೆ ಎಣ್ಣೆ ಸವರಿ ನೇರ ಕೆಂಡದ ಮೇಲೆಯೇ ಇಡಬಹುದು, ಗೊಜ್ಜಿಗೆ ಆ ಹೊಗೆಯ ವಾಸನೆಯೇ ಜೀವ. ಹಪ್ಪಳಕ್ಕಂತೂ ಇಕ್ಕಳದಲ್ಲಿ ಹಿಡಿದು ತಿರುವುವಷ್ಟೇ ಹೊತ್ತು ಸಾಕು. ಸಿಪ್ಪೆಸಹಿತ ಗೇರುಬೀಜ ಮಾತ್ರ ಬಚ್ಚಲೊಲೆಗೆ ಬೇಡ. ಅದರ ಎಣ್ಣೆ ಧಗ್ಗನೆ ಹೊತ್ತಿಕೊಳ್ಳುತ್ತದೆ, ಚರ್ಮ ಸುಡುತ್ತದೆ, ಹೊಗೆಯೂ ಕೆಟ್ಟದ್ದು. ಸುಡಲೇಬೇಕೆಂದರೆ ಬಯಲಲ್ಲಿ, ದೂರ ನಿಂತು.

ಕೊರ್ಲಿಮ್‌ನಂಥ ಕೈಗಾರಿಕಾ ಊರಿನಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಕಾರ್ಖಾನೆಗಳ ಸುತ್ತ ಪ್ಯಾಕಿಂಗ್ ಮರ, ಪ್ಯಾಲೆಟ್, ಪ್ಲೈವುಡ್ ತುಂಡುಗಳು ಸುಲಭವಾಗಿ ಸಿಗುತ್ತವೆ. ಉತ್ತರ ಕರ್ನಾಟಕದಿಂದ ದುಡಿಯಲು ಗೋವಾಕ್ಕೆ ಬಂದು ಬಾಡಿಗೆ ಕೋಣೆಗಳಲ್ಲಿರುವ ಕುಟುಂಬಗಳಿಗೆ ಪುಕ್ಕಟೆ ಸೌದೆ ದೊಡ್ಡ ಆಸರೆಯೇ. ಆದರೆ ಪ್ಲೈವುಡ್ಡಿನ ಅಂಟು, ಹಳೇ ಬಣ್ಣ, ಗೆದ್ದಲು ಔಷಧಿ ಉರಿದರೆ ವಿಷ ಹೊಗೆಯಲ್ಲೂ ಬೂದಿಯಲ್ಲೂ ಸೇರುತ್ತದೆ. ಅಂತರರಾಷ್ಟ್ರೀಯ ಸಾಗಣೆಯ ಪ್ಯಾಲೆಟ್‌ಗಳ ಮೇಲೆ ಮುದ್ರೆಯಿರುತ್ತದೆ: ‘ಎಚ್‌ಟಿ’ ಎಂದರೆ ಬಿಸಿ ಮಾಡಿ ಕೀಟ ಕೊಂದದ್ದು, ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ‘ಎಂಬಿ’ ಮರವನ್ನು ಒಲೆಗೇ ಹಾಕಬೇಡಿ. ‘ಎಚ್‌ಟಿ’ ಮುದ್ರೆಯಿದ್ದರೂ ಅದರ ಮೇಲೆ ಏನು ಚೆಲ್ಲಿತ್ತೋ ಹೇಳಲಾಗದು. ಅದರ ಬೂದಿಯಲ್ಲಿ ಗೆಣಸು ಹೂಳಬೇಡಿ. ಮಕ್ಕಳಿಗೆ ಸುಟ್ಟು ಕೊಡುವ ದಿನ ಒಣಗಿದ ತೆಂಗಿನ ಚಿಪ್ಪು, ಇಲ್ಲವೇ ಬಣ್ಣ ಕಾಣದ ಒಣ ಸೌದೆ ಮಾತ್ರ ಉರಿಸಿ.