ಜುಲೈ ಮೂವತ್ತೊಂದರ ಮೇಷ್ಟ್ರು

ಪಿಂಚಣಿದಾರರ ದಿನದ ಸಭೆ ಹತ್ತೂವರೆಗೆ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಒಂಬತ್ತೂಮುಕ್ಕಾಲಿಗೇ ಮುಂದಿನ ಮೂರು ಸಾಲು ಭರ್ತಿ. ತೆಂಗಿನ ಸೀಮೆಯ ಈ ತಾಲ್ಲೂಕು ಕೇಂದ್ರದಲ್ಲಿ ಡಿಸೆಂಬರ್ 17 ಬಂತೆಂದರೆ ನಿವೃತ್ತರಿಗೆ ಹಬ್ಬ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲೊಂದು ಅರ್ಧ ತೋಳಿನ ಸ್ವೆಟರ್, ಮಂಕಿ ಕ್ಯಾಪು, ಜೇಬಿನಲ್ಲಿ ಅಭ್ಯಾಸಬಲದಿಂದ ಎರಡು ಪೆನ್ನು. ಎಪ್ಪತ್ತೈದು ತುಂಬಿದವರಿಗೆ ವೇದಿಕೆಯ ಮೇಲೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹಿಂದಿನ ವರಾಂಡದಲ್ಲಿ ಉಪ್ಪಿಟ್ಟು, ಕೇಸರಿಬಾತು. ಸಕ್ಕರೆ ಹಾಕದ ಕಾಫಿಯ ಫ್ಲಾಸ್ಕ್ ಬೇರೆಯೇ ಇಟ್ಟಿದ್ದರು. ಕ್ಯೂ ಉದ್ದವಿದ್ದದ್ದು ಅಲ್ಲೇ.

ಅಧ್ಯಕ್ಷರು ಪ್ರತಿವರ್ಷದಂತೆ ಡಿ.ಎಸ್. ನಕಾರ ಅವರ ಹೆಸರೆತ್ತಿದರು. ಕೇಂದ್ರ ಸರ್ಕಾರದ ರಕ್ಷಣಾ ಸಚಿವಾಲಯದಲ್ಲಿ ಹಣಕಾಸು ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾದವರು. 1979ರ ಮಾರ್ಚ್ 31ರಂದು ಅಥವಾ ಅದರಾಚೆ ನಿವೃತ್ತರಾದವರಿಗಷ್ಟೇ ಹೊಸ ಪಿಂಚಣಿ ಲೆಕ್ಕ, ಹಿಂದಿನವರಿಗೆ ಹಳೆಯದೇ ಎಂದು ಸರ್ಕಾರ ಗೆರೆ ಎಳೆದಾಗ ನಕಾರ ಮತ್ತು ಜೊತೆಗಾರರು ಸುಪ್ರೀಂ ಕೋರ್ಟಿಗೆ ಹೋದರು. 1982ರ ಡಿಸೆಂಬರ್ 17ರಂದು ತೀರ್ಪು ಬಂತು: ಪಿಂಚಣಿ ದಾನವಲ್ಲ, ದುಡಿದು ಗಳಿಸಿದ ಹಕ್ಕು, ಪಿಂಚಣಿದಾರರನ್ನು ತಾರೀಖಿನ ಮೇಲೆ ಎರಡು ಗುಂಪು ಮಾಡುವಂತಿಲ್ಲ. ಚಪ್ಪಾಳೆ ಬಿತ್ತು. ಕೊನೇ ಸಾಲಿನಲ್ಲಿ ಒಬ್ಬರು ಮಾತ್ರ ಕೈ ತಟ್ಟಲಿಲ್ಲ.

ಅವರು ಪ್ರೈಮರಿ ಶಾಲೆಯ ಮೇಷ್ಟ್ರು. ನಿವೃತ್ತಿ 31-7-2024. ಪಕ್ಕದಲ್ಲಿ ಕೂತಿದ್ದವರು ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿದ್ದವರು, ನಿವೃತ್ತಿ 31-8-2024. ನಡುವೆ ಒಂದೇ ತಿಂಗಳು. ಹುಟ್ಟಿದ ದಿನದ ಲೆಕ್ಕದಲ್ಲಿ ನೋಡಿದರೆ ಅಷ್ಟೂ ಇಲ್ಲ: ಮೇಷ್ಟ್ರದು 1-8-1964, ಶಿರಸ್ತೇದಾರರದು ಮರುದಿನ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕಡೇ ದಿನವೇ ಮನೆಗೆ, ಬೇರೆ ತಾರೀಖಿನವರು ಅದೇ ತಿಂಗಳ ಕಡೇ ದಿನ. ಸೇವಾ ನಿಯಮ ಹಾಗೆ.

ಮೇಷ್ಟ್ರ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಫೈಲಿನಲ್ಲಿ ಎಲ್ಲವೂ ಇತ್ತು. ಪಿಂಚಣಿ ಪಾವತಿ ಆದೇಶದ (ಪಿಪಿಒ) ಪ್ರತಿ, ಸೇವಾ ಪುಸ್ತಕದ ಮೊದಲ ಪುಟ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಮಡಿಕೆ ಬಿದ್ದಲ್ಲಿ ಸೆಲ್ಲೋಟೇಪು ಹಚ್ಚಿ, ಅದೂ ಹಳದಿಯಾಗಿ, ಜನ್ಮದಿನಾಂಕದ ಕೆಳಗೆ ಕೆಂಪು ಶಾಯಿಯ ಗೆರೆ. "ನಮ್ಮಪ್ಪ ಹೇಳಿದ್ದು ಭೀಮನ ಅಮಾವಾಸ್ಯೆ ಹಿಂದುಮುಂದು ಅಂತ. ಬಲಗೈ ತಲೆ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸಿದ್ರು, ಮುಟ್ಟಿತು, ಆಗಸ್ಟ್ ಒಂದು ಅಂತ ಬರೆದ್ರು. ಪಂಚಾಂಗ ಹುಡುಕಿಸಿ ನೋಡ್ದೆ ಕಣ್ರೀ, ಆ ವರ್ಷ ಅಮಾವಾಸ್ಯೆ ಬಂದದ್ದು ಏಳನೇ ತಾರೀಖು!" ಎಂದು ನಕ್ಕರು. "ಆದ್ರೆ ಯಾರನ್ನ ಬೈಯ್ಯಲಿ? ನಾನೂ ಮೇಷ್ಟ್ರೇ ಅಲ್ವಾ. ಎಷ್ಟು ಮಕ್ಕಳಿಗೆ ಜೂನ್ ಒಂದು ಬರೆದಿದ್ದೀನೋ!"

ಒಂದನೇ ತಾರೀಖಿಗೆ ಬಿದ್ದ ಬೆಲೆ ಎಷ್ಟು? ರಾಜ್ಯ ಏಳನೇ ವೇತನ ಆಯೋಗದ ಹೊಸ ಸಂಬಳವನ್ನು ಸರ್ಕಾರ 1-7-2022ರಿಂದ ಕಾಗದದ ಮೇಲೆ ನಿಗದಿ ಮಾಡಿತು, ಹಣ ಕೈಗೆ ಕೊಟ್ಟದ್ದು 1-8-2024ರಿಂದ. ಶೇ. 31ರಷ್ಟು ತುಟ್ಟಿಭತ್ಯೆ ಮೂಲವೇತನದಲ್ಲಿ ಸೇರಿ, ಮೇಲೆ ಶೇ. 27.5ರ ಏರಿಕೆ, ಐವತ್ತು ಸಾವಿರ ಮೂಲವೇತನ ಎಪ್ಪತ್ತೊಂಬತ್ತು ಸಾವಿರ ದಾಟಿತು. ಈ ಎರಡು ತಾರೀಖುಗಳ ನಡುವೆ ನಿವೃತ್ತರಾದವರಿಗೆ ತಿಂಗಳ ಪಿಂಚಣಿಯನ್ನು ಹೊಸ ಸಂಬಳದ ಮೇಲೆ ಪರಿಷ್ಕರಿಸಿದರು. ಆದರೆ ಗ್ರಾಚ್ಯುಟಿ, ಕಮ್ಯುಟೇಶನ್, ಗಳಿಕೆ ರಜೆಯ ನಗದೀಕರಣ, ಅಂದರೆ ಒಂದೇ ಸಲ ಕೈಗೆ ಬರುವ ಗಂಟು, ಹಳೆಯ ಸಂಬಳದ ಮೇಲೆಯೇ. ಕಮ್ಯುಟೇಶನ್ ಎಂದರೆ ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮುಂಗಡವಾಗಿ ಪಡೆಯುವುದು. ಐವತ್ತು ಸಾವಿರದವರಿಗೆ ಆ ಭಾಗ ತಿಂಗಳಿಗೆ ಎಂಟು ಸಾವಿರ ಚಿಲ್ಲರೆ, ಹೊಸ ಲೆಕ್ಕದಲ್ಲಿ ಹದಿಮೂರು ಸಾವಿರ ದಾಟುತ್ತದೆ. ಅದನ್ನು ವರ್ಷಗಳ ಮೊತ್ತಕ್ಕೆ ಗುಣಿಸಿದಾಗ ಅಂತರ ಲಕ್ಷಗಳಲ್ಲಿ. ಮಗಳ ಮದುವೆ, ಮನೆಯ ಮೇಲಿನ ಅಂತಸ್ತು, ಸೊಸೈಟಿ ಸಾಲ, ಎಲ್ಲವನ್ನೂ ಜನ ನಂಬಿಕೊಂಡಿರುವುದು ಈ ಗಂಟನ್ನೇ. ಇದಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಳಿತಲೆಗಳು ಧರಣಿ ಕೂತಿದ್ದೂ ಆಯಿತು.

ಸರ್ಕಾರ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಖಜಾನೆ ಅಕ್ಷಯಪಾತ್ರೆಯಲ್ಲ, ಒಪ್ಪೋಣ. ಆದರೆ ಜುಲೈ 2022ರಿಂದಲೇ ಈ ಮನುಷ್ಯನ ಸಂಬಳ ಇಷ್ಟು ಎಂದು ತಾನೇ ಬರೆದುಕೊಟ್ಟು, ಪಿಂಚಣಿಗೆ ಅದನ್ನು ಒಪ್ಪಿ, ಗ್ರಾಚ್ಯುಟಿಗೆ ಮಾತ್ರ ಒಲ್ಲೆ ಎನ್ನುವುದು ಸರಿಯೆಂದು ನನಗಂತೂ ಅನ್ನಿಸುವುದಿಲ್ಲ.

ಶಿರಸ್ತೇದಾರರು ಕಾನೂನು ಬಲ್ಲವರು, ಹಾಗಾಗಿ ಸುಲಭಕ್ಕೆ ಸಮಾಧಾನ ಹೇಳುವವರಲ್ಲ. "ನಕಾರ ಕೇಸು ಪಿಂಚಣಿಗೆ, ಮೇಷ್ಟ್ರೇ. ಗ್ರಾಚ್ಯುಟಿ ಒಂದ್ಸಲದ್ದು. 2005ರಲ್ಲಿ ಪಂಜಾಬಿನ ಕೇಸಲ್ಲಿ ಅದೇ ಸುಪ್ರೀಂ ಕೋರ್ಟು, ಹಣಕಾಸಿನ ಹೊರೆ ನೋಡಿ ತಾರೀಖು ಗೊತ್ತುಮಾಡಿದ್ರೆ ತಪ್ಪಿಲ್ಲ ಅಂದಿದೆ" ಎಂದರು. ಮೇಷ್ಟ್ರ ಮುಖ ಇಳಿಯುವಷ್ಟರಲ್ಲಿ ತಾವೇ ಇನ್ನೊಂದು ದಾರಿ ತೆಗೆದರು: ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ನೌಕರರ ಪ್ರಕರಣ. ವರ್ಷಪೂರ್ತಿ ದುಡಿದವರು, ನಿವೃತ್ತಿಯ ಮರುದಿನ ವಾರ್ಷಿಕ ವೇತನ ಬಡ್ತಿ ಬರಬೇಕಿತ್ತು. ಆ ದಿನ ನೀವು ಸೇವೆಯಲ್ಲಿರಲಿಲ್ಲ ಎಂದು ನಿರಾಕರಿಸಲಾಗಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನೌಕರರ ಪರ ನಿಂತಿತು. ಅದು ಹಿಂದಿನ ವರ್ಷ ದುಡಿದದ್ದಕ್ಕೆ ಸಿಗುವುದು, ಹಾಗಾಗಿ ವೇತನ ಬಡ್ತಿ ಅವರದೇ ಎಂದಿತು. ಒಂದು ದಿನದ ಸಂಕಟಕ್ಕೆ ನಮ್ಮ ರಾಜ್ಯದಿಂದಲೇ ಹೋಗಿ ಗೆದ್ದ ಉದಾಹರಣೆ.

ಕಾಫಿ ಹಂಚುತ್ತಿದ್ದ ತೋಟಗಾರಿಕೆ ಇಲಾಖೆಯ ಹುಡುಗ ನಿಂತು ಕೇಳಿಸಿಕೊಂಡ. 2011ರಲ್ಲಿ ಸೇರಿದವನು. 1-4-2006ರಿಂದ ಈಚೆಗೆ ಸೇರಿದವರಿಗೆಲ್ಲ ಎನ್‌ಪಿಎಸ್, ಸಂಬಳದಲ್ಲಿ ಶೇ. 10 ತಾನು ಹಾಕಬೇಕು, ಶೇ. 14 ಸರ್ಕಾರ, ಕೊನೆಗೆ ಪಿಂಚಣಿ ಎಷ್ಟೆಂಬುದು ಷೇರುಪೇಟೆಯ ಮರ್ಜಿ. ಆ ತಾರೀಖಿಗೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು ಆಮೇಲೆ ಆದೇಶ ಸಿಕ್ಕ ಸುಮಾರು 13,000 ಮಂದಿಯನ್ನು 2024ರ ಜನವರಿಯಲ್ಲಿ ಸರ್ಕಾರ ಹಳೆಯ ಪಿಂಚಣಿಗೆ ಸೇರಿಸಿತು. ಇವನ ಅಧಿಸೂಚನೆ ಆಮೇಲಿನದು. "ನಿಮ್ಮದು ಎಷ್ಟು ಬರಬೇಕು ಅನ್ನೋ ಜಗಳ ಸರ್, ನಮ್ಮದು ಬರುತ್ತಾ ಅನ್ನೋದು" ಎಂದು ಟ್ರೇ ಎತ್ತಿಕೊಂಡು ಹೋದ.

ವೇದಿಕೆಯಲ್ಲಿ ವಂದನಾರ್ಪಣೆ ಶುರುವಾಗಿತ್ತು. ಮೇಷ್ಟ್ರು ಫೈಲಿನಿಂದ ಮನವಿಯ ಕರಡು ತೆಗೆದು ಕೊಟ್ಟರು. ದುಂಡಕ್ಷರದಲ್ಲಿ ಐದು ಪುಟ. ಸೇವೆಗೆ ಸೇರಿದ ಬೆಳಗ್ಗೆಯಿಂದ ಬೀಳ್ಕೊಡುಗೆಯ ಹಾರದವರೆಗೆ. ಶಿರಸ್ತೇದಾರರು ಕನ್ನಡಕ ಏರಿಸಿ, ಎರಡು ಪೆನ್ನುಗಳಲ್ಲಿ ಕೆಂಪನ್ನು ಆರಿಸಿ, ಮೊದಲ ಎರಡು ಪುಟಗಳಿಗೆ ಅಡ್ಡಗೆರೆ ಹಾಕಿದರು.

"ನಕಾರ ತೆಗೀರಿ, ಕೆಪಿಟಿಸಿಎಲ್ ಹಾಕಿ. ನಿವೃತ್ತಿ ದಿನಾಂಕ ದಪ್ಪಕ್ಷರದಲ್ಲಿ ಮೇಲ್ಗಡೆ. ಸಹಿ ಮಾಡೋರ ಪಟ್ಟಿ ಬೇರೆ ಹಾಳೇಲಿ ಇರಲಿ."

"ಉಳಿದಿದ್ದು?"

"ಒಂದೂವರೆ ಪುಟಕ್ಕೆ ಇಳಿಸಿ, ಮೇಷ್ಟ್ರೇ. ಮೂವತ್ತು ವರ್ಷ ನಾನೇ ಈ ಕಡೆ ಕೂತು ಓದಿದ್ದೀನಿ. ಎರಡನೇ ಪುಟ ಯಾರೂ ತಿರುವೋದಿಲ್ಲ."