12345654321 (ಸಂಖ್ಯೆ)

12345654321 ಹನ್ನೊಂದು ಅಂಕಿಗಳ ಒಂದು ಪೂರ್ಣಸಂಖ್ಯೆ. ಇದನ್ನು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದಲಾಗುತ್ತದೆ. ‘ವಿಕಟಕವಿ’ ಎಂಬ ಪದದಂತೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದರಿಂದ ಇದು ಗತಪ್ರತ್ಯಾಗತ ಸಂಖ್ಯೆ (ಪಾಲಿಂಡ್ರೋಮ್). ಇದು 111111ರ ವರ್ಗವೂ ಹೌದು. ಒಂಬತ್ತನೆಯ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆ ಒಂದು ಗುಣಾಕಾರದ ಉತ್ತರವಾಗಿ ಬಂದಿದೆ.

ಮಹಾವೀರಾಚಾರ್ಯನ ಲೆಕ್ಕ

ಮಹಾವೀರಾಚಾರ್ಯನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವನು. ಗ್ರಂಥದ ಆರಂಭದಲ್ಲಿ ಆ ದೊರೆಯನ್ನು ಸ್ತುತಿಸಿದ್ದಾನೆ. (ಇಂದಿನ ಶಿರಸಿ ತಾಲ್ಲೂಕಿನ ಬನವಾಸಿಯೂ ಆಗ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು.) ಗ್ರಂಥ ಕನ್ನಡ ನಾಡಿನದಾದರೂ ಅದರ ಭಾಷೆ ಸಂಸ್ಕೃತ. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದರು. ಅದು 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು.

ಗುಣಾಕಾರದ ಭಾಗದಲ್ಲಿ ಬರುವ ಲೆಕ್ಕ ಹೀಗಿದೆ:

27994681 × 441 = 12345654321

ಇಂತಹ ಉತ್ತರಗಳನ್ನು ಮಹಾವೀರಾಚಾರ್ಯನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 139 × 109 = 15151, 12345679 × 9 = 111111111, 142857143 × 7 = 1000000001 ಇವೂ ಅದೇ ಗುಂಪಿಗೆ ಸೇರಿದವು. ಹೋಲಿಕೆ ಕೇವಲ ಅಲಂಕಾರವಲ್ಲ. ಗುಣಿಸುವಾಗ ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಹಾರದ ಎರಡು ಬದಿಗಳು ಹೊಂದುವುದಿಲ್ಲ. ವಿದ್ಯಾರ್ಥಿಗೆ ತನ್ನ ತಪ್ಪು ತಾನೇ ಕಾಣುತ್ತದೆ.

ಕೊಟ್ಟ ಎರಡು ಸಂಖ್ಯೆಗಳಲ್ಲಿ ಈ ಸಮತೆಯ ಸುಳಿವೇ ಇಲ್ಲ. ಆದರೆ 111111 = 21 × 5291. 21ರ ವರ್ಗ 441, 5291ರ ವರ್ಗ 27994681. ಹೀಗೆ ಒಂದು ವರ್ಗವನ್ನೇ ಎರಡು ವರ್ಗಗಳಾಗಿ ಒಡೆದಂತಾಗಿದೆ.

ಸಮತೆಗೆ ಕಾರಣ

111111ನ್ನು ಅದರಿಂದಲೇ ಗುಣಿಸುವಾಗ ಅದೇ ಸಂಖ್ಯೆಯನ್ನು ಆರು ಸಾಲುಗಳಲ್ಲಿ, ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೇವೆ. ಬಲತುದಿಯ ಕಂಬಸಾಲಿನಲ್ಲಿ ಒಂದು 1, ಮುಂದಿನದರಲ್ಲಿ ಎರಡು, ನಡುವಿನಲ್ಲಿ ಆರು. ಅಲ್ಲಿಂದ ಮತ್ತೆ ಒಂದೊಂದೇ ಕಡಿಮೆ. ಯಾವ ಮೊತ್ತವೂ 9ನ್ನು ಮೀರದ ಕಾರಣ ದಶಕ ಉಳಿಯುವುದಿಲ್ಲ, ಎರಡು ಬದಿಗಳೂ ಸಮವಾಗಿ ನಿಲ್ಲುತ್ತವೆ.

ಒಂಬತ್ತು 1ಗಳವರೆಗೆ ಮಾತ್ರ ಇದು ನಡೆಯುತ್ತದೆ. 1111111111ರ ವರ್ಗ 1234567900987654321. ನಡುವಿನ ದಶಕ ಎಡಕ್ಕೆ ಹೋಗಿ ಸಮತೆ ಕೆಡುತ್ತದೆ. ಎಷ್ಟು 1ಗಳಿದ್ದರೂ ಇದೇ ಕ್ರಮ ಮುಂದುವರಿಯುತ್ತದೆಂದು ಭಾವಿಸುವುದು ಸಾಮಾನ್ಯ ತಪ್ಪು.

ಇತರ ಗುಣಗಳು

ಇದರ ಅವಿಭಾಜ್ಯ ಅಪವರ್ತನ 3² × 7² × 11² × 13² × 37². ಆದ್ದರಿಂದ ಇದಕ್ಕೆ 243 ಭಾಜಕಗಳಿವೆ. ಅಂಕಿಗಳ ಮೊತ್ತ 36, ಅದೂ ಒಂದು ವರ್ಗವೇ. ಅಂಕಿಗಳ ಸಂಖ್ಯೆ ಸಮವಾಗಿರುವ ಎಲ್ಲ ಗತಪ್ರತ್ಯಾಗತ ಸಂಖ್ಯೆಗಳೂ 11ರಿಂದ ಭಾಗವಾಗುತ್ತವೆ. ಇಲ್ಲಿ ಅಂಕಿಗಳು ಹನ್ನೊಂದಾದರೂ ಈ ಸಂಖ್ಯೆ 11ರಿಂದ ಭಾಗವಾಗುತ್ತದೆ. ಹತ್ತರ ಬದಲು ಏಳು ಅಥವಾ ಅದಕ್ಕಿಂತ ದೊಡ್ಡದಾದ ಯಾವುದೇ ಆಧಾರದಲ್ಲಿ 12345654321 ಎಂದು ಬರೆದರೂ, ಅದು ಆ ಪದ್ಧತಿಯ 111111ರ ವರ್ಗವೇ ಆಗಿರುತ್ತದೆ.